ಆಷಾಢದಲ್ಲೊಮ್ಮೆ ಬಂದು ನೋಡಲಿ

ಕಾರ್ತಿಕ ಕಳೆದು ಬೆಳಗಿನ ಹೊತ್ತು ಸಣ್ಣಗೆ ಚಳಿ ಶುರುವಾಯಿತು ಅಂದರೆ ನಮ್ಮ ಕಾಸರಕೋಡಿಗೆ ಮನೆ ನೋಡುವವರು ಬಂದರೆಂದೇ ಲೆಕ್ಕ. ಬೀಚಿಗೆಂದು ಬಂದವರು ಗಾಳಿಮರದ ನೆರಳಲ್ಲಿ ಕೂತು ಒಂದು ಎಳನೀರು ಮುಗಿಸುವಷ್ಟರಲ್ಲಿ ‘ಇಲ್ಲೇ ಒಂದು ಮನೆ ಮಾಡಿದರೆ ಹೇಗೆ?’ ಅಂತ ಮಾತು ತೆಗೆದಿರುತ್ತಾರೆ. 2020ರ ಅಕ್ಟೋಬರಿನಲ್ಲಿ ಪಡುಬಿದ್ರಿಗೂ ನಮಗೂ ಒಟ್ಟಿಗೇ ಬ್ಲೂ ಫ್ಲ್ಯಾಗ್ ಸಿಕ್ಕಿತಲ್ಲ, ಆಮೇಲಂತೂ ವಿಚಾರಿಸುವವರು ಜಾಸ್ತಿಯೇ. ತಪ್ಪೇನಿಲ್ಲ ಬಿಡಿ. ಹೊನ್ನಾವರ ಬಿಟ್ಟು ಶರಾವತಿ ಸೇತುವೆ ಮೇಲೆ ಈಚೆ ಬರುವಾಗ ಎಡಕ್ಕೆ ಹೊಳೆ, ಬಲಕ್ಕೆ ಅಳಿವೆ, ಎದುರಿಗೆ ತೆಂಗಿನ ತೋಟ ಕಂಡರೆ ಯಾರಿಗಾದರೂ ಇಲ್ಲೇ ಇದ್ದುಬಿಡುವಾ ಅನಿಸುತ್ತದೆ. ಇಲ್ಲೇ ಹುಟ್ಟಿದ ನಮಗೇ ಅನಿಸುತ್ತದೆ, ಅಲ್ವಾ?

ಈಗ ನಿಮ್ಮ ತಂಗಿಯ ಮಗನೂ ಅದೇ ಸಾಲಿಗೆ ಸೇರಿದ ಅಂದಿರಿ. ಒಳ್ಳೆಯ ಹುಡುಗ, ಬೆಂಗಳೂರಿನ ಕೆಲಸ, ಅಪ್ಪ ಅಮ್ಮನಿಗೆ ಕಡಲ ಗಾಳಿ ಬೇಕೆಂಬ ಆಸೆ. ಡಿಸೆಂಬರಿನಲ್ಲಿ ಬಂದು ಒಂದು ಮನೆ ನೋಡಿ ಮನಸೋತು ಮುಂಗಡ ಕೊಡುವವರೆಗೆ ಮಾತಾಗಿದೆ ಅಂದಿರಲ್ಲ. ಅಕ್ಕ, ಡಿಸೆಂಬರಿನಲ್ಲಿ ನಮ್ಮೂರಿನ ಯಾವ ಮನೆ ಚೆಂದ ಕಾಣುವುದಿಲ್ಲ ಹೇಳಿ? ಮಳೆ ನಿಂತು ಗೋಡೆ ಒಣಗಿರುತ್ತದೆ. ದೀಪಾವಳಿಗೆ ಬಳಿದ ಬಣ್ಣ ಇನ್ನೂ ಹೊಸದು. ಅಂಗಳ ಕೆತ್ತಿ ಸಗಣಿ ಸಾರಿಸಿ ಆಗಿದೆ. ಬಾವಿಯಲ್ಲಿ ಬೇಕಾದಷ್ಟು ನೀರು, ಅದೂ ಸಿಹಿ ನೀರು. ಮಾರುವವರು ಏನೂ ಮುಚ್ಚಿಡಬೇಕಾಗಿಯೇ ಇಲ್ಲ, ಆ ಹವೆಯೇ ಎಲ್ಲವನ್ನೂ ಮುಚ್ಚಿಕೊಂಡಿರುತ್ತದೆ.

ಅವನಿಗೆ ನಾನು ಹೇಳುವುದು ಎರಡೇ ಮಾತು. ಬಾವಿಯನ್ನು ಮೇ ತಿಂಗಳ ಕೊನೆಗೆ ನೋಡಲಿ, ಮನೆಯನ್ನು ಆಷಾಢದಲ್ಲಿ ನೋಡಲಿ. ಈ ಎರಡು ಆಗುವವರೆಗೆ ಮುಂಗಡ ಬೇಡ. ‘ಆಷಾಢದಲ್ಲಿ ಯಾರಾದರೂ ಮನೆ ನೋಡುತ್ತಾರಾ?’ ಅಂತ ಮುಖ ಸಿಂಡರಿಸಬೇಡಿ. ಗೃಹಪ್ರವೇಶಕ್ಕೆ ಆಷಾಢ ಬರುವುದಿಲ್ಲ, ಒಪ್ಪಿದೆ. ಕ್ರಯಪತ್ರವೂ ಶ್ರಾವಣದಲ್ಲೇ ಆಗಲಿ. ಕೊಡೆ ಹಿಡಿದುಕೊಂಡು ಬಂದು ಗೋಡೆ ಮುಟ್ಟಿ ನೋಡುವುದಕ್ಕೆ ಯಾವ ಶಾಸ್ತ್ರದ ಅಡ್ಡಿ ಇದೆ?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವಷ್ಟು ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದುಹೋಗುತ್ತದೆ ಅಂದರೆ ಆ ಹುಡುಗನಿಗೆ ಅಂದಾಜು ಸಿಗಬಹುದು. ಅದೂ ನೆಟ್ಟಗೆ ಬೀಳುವ ಮಳೆಯೇ? ಆರ್ದ್ರಾ, ಪುನರ್ವಸು ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಎದ್ದು ಅಡ್ಡಡ್ಡ ಹೊಡೆಯುವ ಮಳೆ. ಪೂರ್ವದ ಗೋಡೆ ಬೆಚ್ಚಗಿದ್ದರೂ ಪಡುವಣ ಗೋಡೆ ತಿಂಗಳುಗಟ್ಟಲೆ ನೆಂದುಕೊಂಡೇ ಇರುತ್ತದೆ. ಹಿಂದಿನವರು ಇದಕ್ಕಾಗಿಯೇ ಜಗಲಿಯ ಪಡುಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮಾಡನ್ನು ಎಷ್ಟು ಕೆಳಗೆ ಇಳಿಸುತ್ತಿದ್ದರೆಂದರೆ ಎತ್ತರದ ನೆಂಟರು ಬಂದರೆ ಹಣೆ ಬಡಿಸಿಕೊಳ್ಳದೆ ಒಳಗೆ ಬಂದದ್ದಿಲ್ಲ. ಈಗ ಪಡುವಣಕ್ಕೆ ಗೋಡೆಗೆ ಗೋಡೆಯೇ ಗಾಜು, ಸಮುದ್ರ ಕಾಣಬೇಕಂತೆ. ಕಾಣಲಿ, ಬೇಡ ಅನ್ನುವವರು ಯಾರು. ಆದರೆ ಆ ಗಾಜಿನ ಮೇಲೆ ಒಂದು ಮಾರಷ್ಟಾದರೂ ಚಾಚಿದ ಮಾಡು ಇದೆಯಾ, ಕಿಟಕಿಯ ಸಂದಿನಿಂದ ನೀರು ಒಳಗೆ ಬರುತ್ತದಾ ಅಂತ ಪುನರ್ವಸು ಮಳೆಯಲ್ಲಿ ಒಂದು ರಾತ್ರಿ ಆ ಕೋಣೆಯಲ್ಲಿ ಮಲಗಿದರೆ ಗೊತ್ತಾದೀತು.

ಆಷಾಢದಲ್ಲಿ ಬಂದವನು ಕಣ್ಣಿಗಿಂತ ಮೊದಲು ಮೂಗು ಬಳಸಲಿ. ಮುಚ್ಚಿಟ್ಟ ಕಪಾಟು ತೆಗೆದ ಕೂಡಲೇ ಬೂಷ್ಟಿನ ವಾಸನೆ ಬಂತಾ? ಸ್ವಲ್ಪ ಬಂದರೆ ಹೆದರಬೇಕಾಗಿಲ್ಲ, ಮಳೆಗಾಲದಲ್ಲಿ ಇಲ್ಲಿ ಯಾರ ಮನೆಯ ಕಪಾಟೂ ಮಲ್ಲಿಗೆ ವಾಸನೆ ಬರುವುದಿಲ್ಲ. ಆದರೆ ಗೋಡೆಗೆ ಅಂಗೈ ಇಟ್ಟು ತೆಗೆದಾಗ ಕೈ ಒದ್ದೆಯಾದರೆ ಯೋಚಿಸಬೇಕು. ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರು ಎತ್ತಿ ಹಿಂದೆ ನೋಡಲಿ. ಕಪಾಟು ಸರಿಸಿ ನೋಡಲಿ. ಮಾರುವವರು ಬಣ್ಣ ಬಳಿಸುವುದು ಕಣ್ಣಿಗೆ ಬೀಳುವಷ್ಟು ಜಾಗಕ್ಕೆ ಮಾತ್ರ, ಅಲ್ವಾ?

ಇದನ್ನು ಹೇಳುವಾಗ ಹೊಳೆಸಾಲಿನ ಒಂದು ಮನೆ ನೆನಪಾಯಿತು. ನೆಂಟರೊಬ್ಬರು ಕೊಳ್ಳುವವರಿದ್ದರು, ಜೊತೆಗೆ ಹೋಗಿದ್ದೆ. ಎಲ್ಲ ಕೋಣೆಗಳಲ್ಲೂ ನೆಲದಿಂದ ಸೊಂಟದ ಎತ್ತರದವರೆಗೆ ಗಾಢ ಹಸಿರು, ಅದರ ಮೇಲೆ ಬಿಳಿ. ನೆಂಟರಿಗೆ ಆ ಪಟ್ಟಿ ಬಹಳ ಹಿಡಿಸಿತು. ನಾನು ಕೈ ತೊಳೆಯಲು ಹಿಂದಿನ ಬಚ್ಚಲಿಗೆ ಹೋದೆ. ಅಲ್ಲಿ ಬಣ್ಣ ಮುಟ್ಟಿಸಿರಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಸರಿಯಾಗಿ ಅದೇ ಸೊಂಟದ ಎತ್ತರಕ್ಕೆ ಒಂದು ಕೆಸರಿನ ಗೆರೆ, ಅದರ ಕೆಳಗೆ ಮರ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ. ಹೊಳೆ ಏರಿ ಬಂದು ನಿಂತು ಇಳಿದುಹೋದ ಗೆರೆ. ನೆಂಟರನ್ನು ಕರೆದು ತೋರಿಸಿದೆ. ಅವರು ಆ ಗೆರೆಯ ಪಕ್ಕ ನಿಂತು ತಮ್ಮ ಸೊಂಟಕ್ಕೆ ಕೈಯಿಟ್ಟು ಅಳತೆ ನೋಡಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊಳೆ ಬದಿಯ ಮನೆಗೆ ಇನ್ನೊಂದು ಲೆಕ್ಕ ಇದೆ. ಮೇಲೆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಭರ್ತಿ ಮಟ್ಟ 1819 ಅಡಿ. ನೀರು ಅಲ್ಲಿಗೆ ಹತ್ತಿರ ಬಂದು ಗೇಟು ತೆಗೆಯುತ್ತಾರೆ ಅನ್ನುವಾಗ ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಬರುತ್ತದಲ್ಲ. ಮೇಲಿಂದ ಬಿಟ್ಟ ನೀರು ಬರುವ ಹೊತ್ತಿಗೇ ಅಳಿವೆಯಲ್ಲಿ ಉಬ್ಬರವಿದ್ದರೆ ಅದು ಸಮುದ್ರಕ್ಕೆ ಇಳಿಯುವುದು ಹೇಗೆ? ನಿಂತು, ಹಿಂದಕ್ಕೆ ಒತ್ತಿ, ತೋಟಗಳಿಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯಾದರಂತೂ ಕೇಳಬೇಡಿ. ಅಂಥ ದಿನ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಮಾರುವವರನ್ನಲ್ಲ, ಆಚೀಚೆ ಮನೆಯ ಹೆಂಗಸರನ್ನು ಕೇಳಬೇಕು. ಅಕ್ಕಿ ಡಬ್ಬಿ ಅಟ್ಟಕ್ಕೆ ಏರಿಸಿದವರು ಅವರು, ಮರೆತಿರುವುದಿಲ್ಲ.

ಮನೆಯ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದರೆ ಅದನ್ನೂ ಮಳೆಯಲ್ಲೇ ನೋಡಬೇಕು. ಅಪ್ಸರಕೊಂಡದ ಕಡೆ ಹೋಗುವಾಗ ಗುಡ್ಡದ ಬುಡದ ಮನೆಗಳಿಂದ ಸಮುದ್ರ ಎಷ್ಟು ಚೆಂದ ಕಾಣುತ್ತದೆ! ಆದರೆ ಹಿತ್ತಲಿನ ಧರೆ ಎಷ್ಟು ಎತ್ತರ, ಅದರ ಮೇಲಿನ ಮರ ವಾಲಿದೆಯಾ, ಮಳೆಯಲ್ಲಿ ಅದರ ಬುಡದಿಂದ ಕೆಂಪು ನೀರು ಒಸರುತ್ತದಾ ಅಂತ ನೋಡದೆ ಸಮುದ್ರದ ಕಡೆ ಮುಖ ಮಾಡಿ ನಿಲ್ಲಬಾರದು. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಧರೆ ಕುಸಿದು ನಾಲ್ಕು ಜೀವ ಹೋಯಿತು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಈ ಒಂದು ವಿಷಯದಲ್ಲಿ ಅವನು ಯಾರ ಸಮಾಧಾನದ ಮಾತನ್ನೂ ಕೇಳಬಾರದು. ಧರೆಯ ಕೆಳಗಿನ ಮನೆ ಅರ್ಧ ಬೆಲೆಗೆ ಬಂದರೂ ಬೇಡ.

ಇನ್ನು ಮಾಡಿನ ವಿಷಯ. ನಮ್ಮ ಕಡೆ ಸ್ಲ್ಯಾಬಿನ ಮನೆಯ ಮೇಲೆ ಮತ್ತೆ ತಗಡಿನ ಶೀಟು ಹೊದೆಸಿರುತ್ತಾರೆ, ಗಮನಿಸಿದ್ದೀರಾ? ಹೊರಗಿನವರಿಗೆ ಅದು ವಿಚಿತ್ರ. ಲಕ್ಷಗಟ್ಟಲೆ ಸುರಿದು ಸ್ಲ್ಯಾಬು ಹಾಕಿಸಿ ಅದರ ಮೇಲೆ ಮತ್ತೊಂದು ಮಾಡು ಯಾಕೆ ಅಂತ ಕೇಳುತ್ತಾರೆ. ಮಳೆಗಾಲದಲ್ಲಿ ಅಲ್ಲೇ ಬಟ್ಟೆ ಒಣಗಬೇಕು, ಕಟ್ಟಿಗೆ, ತೆಂಗಿನಕಾಯಿ ಅಲ್ಲೇ ಇರಬೇಕು, ಸ್ಲ್ಯಾಬು ನೆನೆಯಬಾರದು. ಶೀಟು ಇರುವುದು ದೋಷವಲ್ಲ. ಅದನ್ನು ಮನೆ ಕಟ್ಟಿದಾಗಲೇ ಹಾಕಿದರಾ, ಸೋರತೊಡಗಿದ ಮೇಲೆ ಹಾಕಿದರಾ ಅಂತ ಕೇಳಬೇಕು, ಅಷ್ಟೇ. ಆಮೇಲೆ ಕೆಳಗೆ ಬಂದು ಸ್ಲ್ಯಾಬಿನ ಅಡಿಯನ್ನು ಒಂದು ಕೋಲಿನಿಂದ ಕುಟ್ಟುತ್ತ ಹೋಗಲಿ. ಗಟ್ಟಿ ಇದ್ದಲ್ಲಿ ಟಕ್ ಟಕ್ ಅನ್ನುತ್ತದೆ. ಒಳಗೆ ಬಿಟ್ಟುಕೊಂಡಲ್ಲಿ ಡಬ್ ಡಬ್ ಅನ್ನುತ್ತದೆ. ಉಪ್ಪಿನ ಗಾಳಿ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಯಿತೋ, ಆ ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ, ಉಬ್ಬಿ ಉಬ್ಬಿ ಕಾಂಕ್ರೀಟನ್ನು ಒಡೆದು ಕೆಳಗೆ ಕೆಡವುತ್ತದೆ. ಉಪ್ಪಿದ್ದ ಮರಳನ್ನು ತೊಳೆಯದೆ ಹಾಕಿ ಕಟ್ಟಿದ ಮನೆಯಾದರೆ ಗಾಳಿ ಬರುವವರೆಗೂ ಕಾಯಬೇಕಾಗಿಲ್ಲ, ಕಳ್ಳ ಒಳಗೇ ಕೂತಿರುತ್ತಾನೆ. ಮರಳು ಎಲ್ಲಿಂದ ತರಿಸಿದಿರಿ ಅಂತ ಮೇಸ್ತ್ರಿಯನ್ನೇ ಹುಡುಕಿ ಕೇಳಲಿ. ಊರಿನಲ್ಲಿ ಮೇಸ್ತ್ರಿಗಳು ಎಷ್ಟು ಜನ ಇದ್ದಾರೆ, ಸಿಗುತ್ತಾರೆ.

ನನ್ನನ್ನು ಕೇಳಿದರೆ ಹಂಚಿನ ಹಳೇ ಮನೆ ಸಿಕ್ಕಿದರೆ ಅದೇ ಒಳ್ಳೆಯದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯ ಮಾಡುಗಳೇ ಬದಲಾದವಲ್ಲ. ಸಣ್ಣವರಿದ್ದಾಗ ಅಟ್ಟದಲ್ಲಿ ಮಲಗಿ ಹಂಚಿನ ಒಳಬದಿಯಲ್ಲಿ ಉಬ್ಬಿ ನಿಂತ ಕಾರ್ಖಾನೆಯ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆವು. ಸಾಲಿನ ನಡುವೆ ಬೇರೆ ಕಾರ್ಖಾನೆಯ ಒಂದು ಹಂಚು ಬಂದರೆ ಅದೇ ಒಂದು ಸುದ್ದಿ. ‘ಇಲ್ಲಿ ಕಾಯಿ ಬಿದ್ದಿತ್ತು, ಆ ವರ್ಷ ಹೊಸ ಹಂಚು ಹಾಕಿದ್ದು’ ಅಂತ ಅಜ್ಜ ಒಂದೊಂದು ಹಂಚಿನ ಕಥೆ ಹೇಳುತ್ತಿದ್ದರು. ಕಥೆ ಹಾಗಿರಲಿ, ಅದರಲ್ಲೊಂದು ವಿಷಯವಿದೆ. ಹಂಚು ಒಡೆದರೆ ಒಂದು ಹಂಚು ಬದಲಿಸಿದರೆ ಆಯಿತು, ಸ್ಲ್ಯಾಬು ಬಿಟ್ಟುಕೊಂಡರೆ ಇಡೀ ಮನೆಯೇ ಎದ್ದು ನಿಲ್ಲಬೇಕು. ಹಂಚಿನ ಮನೆಯಲ್ಲಿ ನೋಡಬೇಕಾದದ್ದು ಪಕಾಸಿ, ರೀಪು. ಗೋಡೆ ಮಾಡಿಗೆ ತಾಗುವ ಮೂಲೆಯಲ್ಲಿ ಒರಲೆಯ ಮಣ್ಣಿನ ಗೆರೆ ಹತ್ತಿದೆಯಾ ಅಂತ ನೋಡಿ, ಸಂಶಯ ಬಂದಲ್ಲಿ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಲಿ. ಹೊನ್ನೆಯೋ ಮತ್ತಿಯೋ ಆದರೆ ಸ್ಕ್ರೂಡ್ರೈವರ್ ಜಾರುತ್ತದೆ. ಒರಲೆ ತಿಂದದ್ದಾದರೆ ಹಿಡಿಯವರೆಗೆ ಒಳಗೆ ಹೋಗುತ್ತದೆ. ಚಿರೆಕಲ್ಲಿನ ಗೋಡೆಗೆ ಹೆದರಬೇಕಾಗಿಲ್ಲ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದು ಗಟ್ಟಿಯಾಗುವ ಕಲ್ಲು ಅದು. ಆದರೆ ತೂತು ತೂತಿನ ಕಲ್ಲು, ನೀರು ಹೀರುತ್ತದೆ, ಬುಡ ಒಣಗಿರಬೇಕು.

ಬಾವಿಯ ವಿಷಯಕ್ಕೆ ಬರುವಾ. ನನಗೆ ನಿಜವಾಗಿ ಹೇಳಬೇಕಾಗಿದ್ದದ್ದೇ ಅದು.

ನಮ್ಮ ದೊಡ್ಡಮ್ಮ ಯಾರ ಮನೆಗೆ ಹೆಣ್ಣು ಕೊಡುವ ಮಾತು ಬಂದರೂ ಗಂಡನ್ನು ಆಮೇಲೆ ನೋಡುತ್ತಿದ್ದಳು. ಮೊದಲು ಬಚ್ಚಲಿಗೆ ಹೋಗುತ್ತಿದ್ದಳು. ಕಾಲು ತೊಳೆಯುವ ನೆಪ. ಅಲ್ಲಿ ಒಲೆಯ ಮೇಲಿನ ತಾಮ್ರದ ಹಂಡೆಯೊಳಗೆ ಕೈ ಇಳಿಸಿ ಗೋಡೆಯನ್ನು ಉಗುರಿನಿಂದ ಕೆರೆದು ನೋಡುವುದು. ಬಿಳಿ ಹೊಪ್ಪಳಿಕೆ ದಪ್ಪ ಕೂತಿದ್ದರೆ ಉಗುರಿಗೆ ಬರುತ್ತಿತ್ತು. ಆಮೇಲೆ ಬಾವಿಕಟ್ಟೆಗೆ ಹೋಗಿ ತಾನೇ ಒಂದು ಕೊಡಪಾನ ಸೇದಿ, ಬೊಗಸೆಯಲ್ಲಿ ಹಿಡಿದು, ಬಾಯಿಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು. ‘ಚಾ ಕುಡಿಯಿರಿ’ ಅಂತ ಒಳಗಿನಿಂದ ಕರೆಯುತ್ತಿದ್ದರೂ ಕೇಳಿಸದು. ನೀರು ಸಪ್ಪೆ ಅನಿಸಿದರೆ ಮಾತುಕತೆ ಮುಂದೆ, ಉಪ್ಪು ಅನಿಸಿದರೆ ಜಾತಕ ಕೂಡಿಬರಲಿಲ್ಲ ಅಂತ ಎರಡು ದಿನದಲ್ಲಿ ಹೇಳಿಕಳಿಸುವುದು. ‘ಬೇಳೆ ಬೇಯದ ಮನೆಗೆ ಹುಡುಗಿ ಕೊಟ್ಟು ಅವಳು ದಿನಾ ಬೇರೆಯವರ ಬಾವಿಗೆ ನೀರಿಗೆ ಹೋಗುವುದನ್ನು ನಾನು ನೋಡಬೇಕಾ?’ ಅಂತ ಅವಳ ವಾದ. ಅವಳು ಇಂಥ ಕೆಲಸಕ್ಕೆ ಹೊರಡುತ್ತಿದ್ದದ್ದು ವೈಶಾಖದಲ್ಲೇ. ಮದುವೆಯ ಹಂಗಾಮು ಅದೇ ಆದ್ದರಿಂದ ಸರಿಹೋಯಿತು ಅಂದುಕೊಳ್ಳಬಹುದು, ಆದರೆ ಬಾವಿಯ ಹಂಗಾಮೂ ಅದೇ.

ಅದಕ್ಕೆ ಕಾರಣ ಇದೆ ಅಕ್ಕ. ಕಡಲ ಬದಿಯ ಮರಳಿನಲ್ಲಿ ಸಿಹಿ ನೀರು ಉಪ್ಪು ನೀರಿನ ಮೇಲೆ, ಹಾಲಿನ ಮೇಲಿನ ಕೆನೆಯ ಹಾಗೆ, ಪದರ ಕಟ್ಟಿ ನಿಂತಿರುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ. ಹಾಲೆಂಡಿನ ಬಾಡನ್ ಘೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಎಂಬಿಬ್ಬರು ನೂರು ವರ್ಷಕ್ಕೂ ಹಿಂದೆಯೇ ಇದರ ಲೆಕ್ಕ ಹಾಕಿಟ್ಟಿದ್ದಾರೆ: ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿ ನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿ ನೀರು ಇರುತ್ತದೆ. ಕೇಳಲು ಖುಷಿ. ಆದರೆ ಅದನ್ನೇ ತಿರುಗಿಸಿ ನೋಡಿ. ಬೇಸಿಗೆಯಲ್ಲಿ ಪಂಪು ಹಾಕಿ ಎಳೆದೆಳೆದು ಮೇಲಿನ ಒಂದು ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪು ನೀರು ನಲವತ್ತು ಅಡಿ ಮೇಲೆ ಬರಲು ಹೊರಡುತ್ತದೆ. ಅದಕ್ಕೇ ನಮ್ಮ ಹಿರಿಯರು ಇಲ್ಲಿ ಆಳದ ಬಾವಿ ತೋಡಲಿಲ್ಲ. ಅಗಲದ ಬಾವಿ, ಕೆಳಗೆ ಇಣುಕಿದರೆ ಮುಖ ಕಾಣುವಷ್ಟೇ ಆಳ, ಕೊಡಪಾನದಲ್ಲಿ ಸೇದುವಷ್ಟೇ ಬಳಕೆ. ನಿಮ್ಮ ಹುಡುಗನಿಗೆ ಯಾರಾದರೂ ‘ನೀರಿನ ಚಿಂತೆ ಬೇಡ ಸಾರ್, ಮುನ್ನೂರು ಅಡಿ ಬೋರು ಹೊಡೆಸಿಬಿಡುವಾ’ ಅಂದರೆ ಕೈ ಮುಗಿದು ಎದ್ದುಬರಲಿ. ಬೋರು ಹೊಡೆಸಿದವನ ಬಾವಿ ಮಾತ್ರ ಕೆಡುವುದಿಲ್ಲ, ಆಚೀಚೆ ನಾಲ್ಕು ಮನೆಯ ಬಾವಿಯೂ ಕೆಡುತ್ತದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಹೊಸದಾಗಿ ಬಂದವರು ಈಜುಕೊಳಕ್ಕೆ ನೀರು ತುಂಬಿಸುವಾಗ ಪಕ್ಕದ ಮನೆಯವರ ಚಹಾ ಉಪ್ಪಾಗಬಾರದು, ಅಲ್ವಾ?

ಹಾಗಾಗಿ ಮೇ ಕೊನೆಗೆ, ಮಿರ್ಗದ ಮಳೆ ಬೀಳುವ ಮೊದಲು ಬಂದು, ಅಮಾವಾಸ್ಯೆಯ ಉಬ್ಬರದ ದಿನವೇ ಆದರೆ ಇನ್ನೂ ಒಳ್ಳೆಯದು, ಬಾವಿ ನೀರು ಕುಡಿದು ನೋಡಲಿ. ಒಂದು ಬಾಟಲಿ ತುಂಬಿಸಿ ಪರೀಕ್ಷೆಗೂ ಕೊಡಲಿ. ಹಂಡೆ ಈಗ ಎಲ್ಲರ ಮನೆಯಲ್ಲಿ ಇಲ್ಲದಿದ್ದರೂ ಗೀಸರಿನ ನಲ್ಲಿಯ ಬಾಯಿ ಇದೆಯಲ್ಲ, ಬಿಳಿ ಹೊಪ್ಪಳಿಕೆ ಅಲ್ಲೂ ಕೂರುತ್ತದೆ. ಬಾವಿಯಿಂದ ಪಾಯಿಖಾನೆ ಗುಂಡಿ ಎಷ್ಟು ದೂರ ಅಂತ ಹೆಜ್ಜೆ ಹಾಕಿ ನೋಡಲಿ. ತನ್ನ ಗುಂಡಿ ಮಾತ್ರವಲ್ಲ, ಬೇಲಿಯಾಚೆಯವರ ಗುಂಡಿಯೂ. ಮೂರು ಮೂರು ಗುಂಟೆಯ ಜಾಗಗಳು ಇವು, ನಮ್ಮ ಬಾವಿಗೆ ನಮ್ಮ ಗುಂಡಿಗಿಂತ ಪಕ್ಕದವರ ಗುಂಡಿ ಹತ್ತಿರವಿರುತ್ತದೆ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದಾಗ ಆ ಗುಂಡಿ ನೀರು ಕುಡಿಯುತ್ತದಾ, ಉಗುಳುತ್ತದಾ ಅನ್ನುವುದು ಆಷಾಢದ ಭೇಟಿಯಲ್ಲಿ ತಿಳಿಯಬೇಕಾದ ಇನ್ನೊಂದು ಸಂಗತಿ. ಹೇಳಿಕೊಳ್ಳಲು ನಾಚಿಕೆಯ ಮಾತು, ಆದರೆ ಆಮೇಲೆ ಅನುಭವಿಸುವುದು ಅದಕ್ಕಿಂತ ಕಷ್ಟ.

ಒಂದು ಸಂಗತಿ ನನಗೆ ಬಹಳ ಇಷ್ಟ. ಕರಾವಳಿ ನಿಯಂತ್ರಣ ವಲಯ ಅಂತ ಇದೆಯಲ್ಲ, ಸಿಆರ್‌ಝೆಡ್, 1991ರಲ್ಲಿ ಮೊದಲು ಬಂದದ್ದು, 2011ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಬದಲಾದದ್ದು. ಹೊಳೆಯಲ್ಲಿ ಆ ಕಾನೂನು ಎಲ್ಲಿಯವರೆಗೆ ನಡೆಯುತ್ತದೆ ಅಂತ ಗೊತ್ತುಮಾಡುವುದು ನೀರಿನ ಉಪ್ಪನ್ನು ಅಳೆದು. ಸಾವಿರ ಪಾಲು ನೀರಿಗೆ ಐದು ಪಾಲು ಉಪ್ಪು ಇರುವಲ್ಲಿಯವರೆಗೆ ಅದು ಕಡಲಿನ ಪ್ರಭಾವದ ಹೊಳೆ. ಅದನ್ನು ಅಳೆಯಬೇಕಾದದ್ದು ಯಾವಾಗ ಗೊತ್ತಾ? ವರ್ಷದಲ್ಲಿ ಅತಿ ಒಣ ಹಂಗಾಮಿನಲ್ಲಿ, ಅಂತ ಆ ಅಧಿಸೂಚನೆಯಲ್ಲೇ ಬರೆದಿದೆ. ದಿಲ್ಲಿಯವರೂ ನಮ್ಮ ದೊಡ್ಡಮ್ಮನ ಕ್ರಮವನ್ನೇ ಹಿಡಿದರು!

ಅದೇ ಕಾನೂನಿನ ಇನ್ನೊಂದು ಮಗ್ಗುಲು ಹುಡುಗನಿಗೆ ತಿಳಿದಿರಬೇಕು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರಿನ ಒಳಗೆ ಏನು ಕಟ್ಟುವುದಕ್ಕೂ ಈ ನಿಯಮ ಅಡ್ಡ ಬರುತ್ತದೆ. ಹಳ್ಳಿಯ ತೀರದಲ್ಲಿ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡ ಇಲ್ಲ ಅನ್ನುವುದು ಹಳೆಯ ಕ್ರಮ. ಜನ ಒತ್ತಾಗಿರುವ ಹಳ್ಳಿಗಳಿಗೆ, ಅಂದರೆ ಚದರ ಕಿಲೋಮೀಟರಿಗೆ 2,161 ಮಂದಿಗಿಂತ ಹೆಚ್ಚಿದ್ದಲ್ಲಿ, 2019ರಲ್ಲಿ ಅದನ್ನು ಷರತ್ತಿನ ಮೇಲೆ 50 ಮೀಟರಿಗೆ ಇಳಿಸಿದರು. ಇದ್ದ ಮನೆಯನ್ನು ದುರಸ್ತಿ ಮಾಡಿಕೊಳ್ಳಬಹುದು. ಆದರೆ ಅವನು ಕೊಳ್ಳುವಾಗಲೇ ಮನಸ್ಸಿನಲ್ಲಿ ಮೇಲೆ ಇನ್ನೆರಡು ಮಹಡಿ, ಪಕ್ಕದಲ್ಲಿ ಹೋಮ್‌ಸ್ಟೇ ಅಂತ ಕಟ್ಟಿಕೊಂಡಿದ್ದರೆ, ಆ ಜಾಗ ನಕ್ಷೆಯಲ್ಲಿ ಯಾವ ವಲಯದಲ್ಲಿದೆ ಅಂತ ನೋಡದೆ ಒಂದು ರೂಪಾಯಿ ಕೊಡಬಾರದು.

ಕಾಗದಪತ್ರದ ವಿಷಯದಲ್ಲಿ ನಮ್ಮ ಜಿಲ್ಲೆಯದ್ದು ಬೇರೆಯೇ ಒಂದು ರಗಳೆ. ಜಿಲ್ಲೆಯ ಹೆಚ್ಚಿನ ಪಾಲು ಅರಣ್ಯದ ಲೆಕ್ಕದಲ್ಲಿರುವುದರಿಂದ ಅಜ್ಜನ ಕಾಲದಿಂದ ವಾಸವಿದ್ದ ಮನೆಯ ಅಡಿಯ ನೆಲವೂ ಅತಿಕ್ರಮಣ ಅಂತ ಇರಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಆ ಹಕ್ಕು ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರಲು ಬರುವುದಿಲ್ಲ. ವಾಸಿಸುವವರಿಗೆ ಅದು ದೊಡ್ಡ ಆಸರೆ, ಇರಲೇಬೇಕು. ಆದರೆ ಹೊರಗಿನವರಿಗೆ ಅದನ್ನು ಮಾರಿಸಲು ಓಡಾಡುವ ದಲ್ಲಾಳಿಗಳಿದ್ದಾರೆ ನೋಡಿ, ಅವರಿಂದ ದೂರ ಇರಬೇಕು. ಉಳುವವನಿಗೆ ಭೂಮಿ ಬಂದ 1974ರ ಕಾನೂನಿನಲ್ಲಿ ಸಿಕ್ಕ ಜಾಗವನ್ನೂ ಹದಿನೈದು ವರ್ಷ ಮಾರುವಂತಿರಲಿಲ್ಲ. ಈಗ ಆ ಅವಧಿ ಮುಗಿದಿದ್ದರೂ ನಡುವೆ ಅವಸರಕ್ಕೆ ಯಾರಾದರೂ ಮಾರಿದ್ದಾರಾ ಅಂತ ಹಿಂದಿನ ಪತ್ರಗಳಲ್ಲಿ ನೋಡಬೇಕು. ಪರಿಶಿಷ್ಟರಿಗೆ ಮಂಜೂರಾದ ಜಾಗವಾದರೆ 1978ರ ಕಾನೂನು, ಸರ್ಕಾರದ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಬಿನ್‌ಶೇತ್ಕಿ ಆದೇಶ ಇದೆಯಾ, ಪಂಚಾಯ್ತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಸಿಗುತ್ತದಾ, ಋಣಭಾರ ಪತ್ರದಲ್ಲಿ ಸೊಸೈಟಿಯ ಸಾಲ ಕಾಣುತ್ತದಾ, ಇವನ್ನೆಲ್ಲ ವಕೀಲರು ನೋಡುತ್ತಾರೆ, ನಾನು ಉದ್ದ ಮಾಡುವುದಿಲ್ಲ.

ಪಹಣಿಯ 9ನೇ ಕಾಲಮ್ಮು ಮಾತ್ರ ಅವನೇ ಕೂತು ಓದಲಿ. ಹೆಸರುಗಳ ಒಂದು ಮೆರವಣಿಗೆ ಅಲ್ಲಿರುತ್ತದೆ. ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ, ಪಹಣಿಯಲ್ಲಿ ಮಾತ್ರ ಇನ್ನೂ ಬದುಕಿರುತ್ತಾನೆ, ಪೌತಿ ಖಾತೆ ಯಾರೂ ಮಾಡಿಸಿರುವುದಿಲ್ಲ. ಅವನ ಮಕ್ಕಳಲ್ಲಿ ಒಬ್ಬ ಮುಂಬಯಿ, ಒಬ್ಬ ಕೊಲ್ಲಿ ದೇಶ, ಒಬ್ಬಳನ್ನು ಕುಮಟೆಗೆ ಕೊಟ್ಟದ್ದು, ಇನ್ನೊಬ್ಬಳು ಎಲ್ಲಿದ್ದಾಳೋ. ಮನೆಯಲ್ಲಿ ಉಳಿದ ತಮ್ಮ ಮಾರುತ್ತೇನೆ ಅನ್ನುತ್ತಾನೆ. ‘ಹೆಣ್ಣುಮಕ್ಕಳದ್ದೇನೂ ಇಲ್ಲ, ಮದುವೆಯಲ್ಲೇ ಕೊಟ್ಟಾಗಿದೆ’ ಅಂತಲೂ ಹೇಳುತ್ತಾನೆ. ಮದುವೆಯಲ್ಲಿ ಕೊಟ್ಟದ್ದು ಬೇರೆ, ಪಿತ್ರಾರ್ಜಿತದ ಪಾಲು ಬೇರೆ. 2005ರ ತಿದ್ದುಪಡಿಯ ಮೇಲೆ ಮಗಳೂ ಮಗನಷ್ಟೇ ಹಕ್ಕುದಾರಳು. ಎಲ್ಲ ಅಕ್ಕತಂಗಿಯರ ಸಹಿಯೂ ಬೇಕು, ನಗುನಗುತ್ತ ಮಾಡಿದ ಸಹಿಯಾದರೆ ಇನ್ನೂ ಒಳ್ಳೆಯದು. ತವರಿನ ಜಾಗ ಮಾರಿಹೋದದ್ದು ಬೇರೆಯವರ ಬಾಯಿಂದ ತಿಳಿದು ಅತ್ತವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಅಂಥ ಮನೆಯಲ್ಲಿ ಅವನ ಅಪ್ಪ ಅಮ್ಮ ನೆಮ್ಮದಿಯಿಂದ ಇರಲಾರರು.

ಇನ್ನೊಂದು, ಅವನು ನೋಡಿದ ಮನೆ ಟೊಂಕದ ಕಡೆ ಅಂದಿರಲ್ಲವಾ? ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ಮರಳಿನ ಆ ನಾಲಿಗೆ. ಅವನು ಬಂದದ್ದು ಬೆಳಿಗ್ಗೆ ಎಂಟಕ್ಕೆ ಇರಬೇಕು. ಬೆಳಗಿನ ಹೊತ್ತು ನೆಲದ ಕಡೆಯಿಂದ ಸಮುದ್ರಕ್ಕೆ ಗಾಳಿ, ಮಧ್ಯಾಹ್ನದ ಮೇಲೆ ಸಮುದ್ರದಿಂದ ನೆಲಕ್ಕೆ. ಮಧ್ಯಾಹ್ನ ಮೂರಕ್ಕೆ ಬಂದು ಜಗಲಿಯಲ್ಲಿ ಕೂರಲಿ, ಒಣಮೀನಿನ ವಾಸನೆ ಬರುತ್ತದಾ ನೋಡಲಿ. ಆಷಾಢದಲ್ಲಿ ಇದು ತಿಳಿಯುವುದಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಇಳಿಯುವುದಿಲ್ಲ. ಅದಕ್ಕೆ ಫೆಬ್ರವರಿಯ ಒಂದು ಮಧ್ಯಾಹ್ನವೇ ಬೇಕು. ವಾಸನೆ ತಡೆಯಲಾರೆ ಅಂತಾದರೆ ಬೇರೆ ಕಡೆ ಮನೆ ನೋಡಲಿ, ಬೇಜಾರಿಲ್ಲ. ಕೊಂಡ ಮೇಲೆ ಪಂಚಾಯ್ತಿಗೆ ಅರ್ಜಿ ಬರೆಯುತ್ತ ಕೂರುವುದು ಮಾತ್ರ ಬೇಡ. ಆ ಮರಳಿನಲ್ಲಿ ಮೀನು ಹರಡಿ ಮಕ್ಕಳನ್ನು ಓದಿಸಿದ ಹೆಂಗಸರು ಅಲ್ಲಿ ಮೊದಲಿನಿಂದ ಇರುವವರು. ಅಲ್ಲಿ ಖಾಸಗಿ ಬಂದರಿನ ಗಲಾಟೆಯೂ ನಡೆದೇ ಇದೆ, ಬಂದರಿಗೆ ರಸ್ತೆ ಎಲ್ಲಿ ಬರುತ್ತದೆ, ಯಾವ ಜಾಗದ ಮೇಲೆ ತಕರಾರಿದೆ ಅಂತ ಮೀನುಗಾರರ ಹತ್ತಿರವೇ ಕೂತು ಕೇಳಬೇಕು. ಕಡಲ್ಕೊರೆತದ ವಿಷಯವೂ ಅವರ ಬಾಯಲ್ಲೇ ಬರುತ್ತದೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅಲೆ ಎಲ್ಲಿ ಬಡಿಯಿತು, ಯಾವ ಗಾಳಿಮರ ಬಿತ್ತು, ಅಳಿವೆಯ ಬಾಯಿ ಯಾವ ಕಡೆ ಸರಿಯುತ್ತಿದೆ, ಇವು ಯಾವ ಪಹಣಿಯಲ್ಲೂ ಇರುವುದಿಲ್ಲ.

ದಲ್ಲಾಳಿ ಅವಸರ ಮಾಡುತ್ತಾನೆ ಅಂದಿರಿ. ಇನ್ನೊಬ್ಬ ಗಿರಾಕಿ ಗೋವಾದಿಂದ ಬರುವವನಿದ್ದಾನೆ ಅಂದನಂತೆ. ಬರಲಿ. ಅವನೂ ಡಿಸೆಂಬರಿನಲ್ಲೇ ನೋಡಿದ್ದರೆ ಅವನಿಗೂ ಇದೇ ಮಾತು ಹೇಳುವಾ. ಮಾರುವವರು ಪ್ರಾಮಾಣಿಕರಾಗಿದ್ದರೆ ಮಳೆಯಲ್ಲಿ ಬಂದು ನೋಡುವುದಕ್ಕೆ ಬೇಡ ಅನ್ನುವುದಿಲ್ಲ. ಹುಡುಗನಿಗೆ ಫೋನ್ ಮಾಡಿದಾಗ ಹೇಳಿ: ವೈಶಾಖದಲ್ಲಿ ಒಮ್ಮೆ, ಆಷಾಢದಲ್ಲಿ ಒಮ್ಮೆ ಬಂದರೆ ಉಳಿದುಕೊಳ್ಳಲು ನಿಮ್ಮ ಮನೆ ಇದೆ, ಅಲ್ಲಿ ನೆಂಟರು ತುಂಬಿದ್ದರೆ ನಮ್ಮ ಮನೆ ಇದೆ. ಬರುವಾಗ ಗಟ್ಟಿ ಕೊಡೆ ತರಲಿ, ಬೆಂಗಳೂರಿನ ಮಡಚುವ ಕೊಡೆ ಇಲ್ಲಿ ಬೇಲಿ ದಾಟುವಷ್ಟರಲ್ಲಿ ತಿರುಗಿ ನಿಲ್ಲುತ್ತದೆ. ಪಹಣಿ ಮತ್ತು ಋಣಭಾರ ಪತ್ರದ ನಕಲು ಮಾತ್ರ ಈಗಲೇ ಕಳಿಸಲಿ, ನಾಡಿದ್ದು ಹೊನ್ನಾವರಕ್ಕೆ ಹೋಗುವವರಿದ್ದೇವೆ, ವಕೀಲರಿಗೆ ತೋರಿಸಿಕೊಂಡು ಬರುವಾ. ಅದಕ್ಕೆ ಮಳೆ ಕಾಯಬೇಕಾಗಿಲ್ಲ.